ಗೋಡೆಯೊಳಗಿನ ಮಂಚ

ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು. ಬೆನ್ನ ಹಿಂದೆ ಆಕೆಯ ಹೆಸರು ಅರ್ಧ ಇಂಚು. ಆ ಹೆಸರಿಟ್ಟ ಮಹಾನುಭಾವ ನಾನೇ. ನಾನು ಬಡಗಿ. ಇಪ್ಪತ್ತೆರಡು ವರ್ಷ ಆಕೆಯ ಜೊತೆ ಕೆಲಸ ಮಾಡಿ ಎರಡೂ ಮಂಡಿ ಸವೆಸಿಕೊಂಡಿದ್ದೇನೆ. ಒಂದು ಅಡ್ಡಹೆಸರು ಇಡುವಷ್ಟು ಹಕ್ಕಾದರೂ ಬೇಡವೇ?

ಮೊದಲ ವರ್ಷದ ಮಾತು. ಒಂದು ಅಡುಗೆಮನೆಯಲ್ಲಿ ಮೇಲಿನ ಕಪಾಟು ಅರ್ಧ ಇಂಚು ಮುಂದೆ ಬಂದಿತ್ತು. ಸಂಜೆಯಾಗಿತ್ತು, ಹೊಟ್ಟೆ ಹಸಿದಿತ್ತು. "ಅರ್ಧ ಇಂಚು ತಾನೇ ಮೇಡಂ, ಯಾರ ಕಣ್ಣಿಗೆ ಬೀಳತ್ತೆ?" ಅಂದೆ. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಅಂದು ಸಾಮಾನು ಎತ್ತಿಕೊಂಡು ಹೊರಟುಬಿಡುತ್ತಿದ್ದೆ. "ಕಣ್ಣಿಗೆ ಬೀಳಲ್ಲ ಮೇಸ್ತ್ರಿ, ಈ ಮನೆಯವರ ಹಣೆಗೆ ತಗುಲತ್ತೆ. ದಿನಕ್ಕೆ ಹತ್ತು ಸಲ, ಹತ್ತು ವರ್ಷ," ಅಂದರು. ಅಷ್ಟೇ. ನಾನು ಗೊಣಗಿಕೊಂಡೇ ಇಡೀ ಕಪಾಟು ಬಿಚ್ಚಿದೆ.

ಆಕೆಯದು ಸಣ್ಣ ಫ್ಲ್ಯಾಟುಗಳ ಒಳಗನ್ನು ಒಪ್ಪ ಮಾಡಿಕೊಡುವ ಕೆಲಸ. ಮುನ್ನೂರು ಚದರಡಿ, ಮುನ್ನೂರೈವತ್ತು ಚದರಡಿ. ಬಾಗಿಲು ತೆಗೆದರೆ ಕಿಟಕಿ ಸಿಗುತ್ತದೆ, ಕಿಟಕಿ ತೆಗೆದರೆ ಎದುರು ಕಟ್ಟಡದವರ ಬಚ್ಚಲು. ಅಂಥ ಗೂಡು ಕೊಂಡವರು ಫೋನಿನಲ್ಲಿ ಯಾವುದೋ ಅರಮನೆಯ ಫೋಟೋ ತೋರಿಸುತ್ತಾರೆ. ನಮಗೆ ಇದೇ ಥರ ಬೇಕು ಅನ್ನುತ್ತಾರೆ. ಒಬ್ಬನಿಗೆ ವ್ಯಾಯಾಮದ ಜಾಗ ಬೇಕಿತ್ತು, ಅವನ ಹೆಂಡತಿಗೆ ಓದುವ ಮೂಲೆ, ಇಬ್ಬರಿಗೂ ಸೇರಿ ಆರು ಜನ ಕೂತು ಉಣ್ಣುವ ಮೇಜು. "ಇನ್ನೊಂದು ಈಜುಕೊಳ ಮರೆತ್ರಲ್ಲ ಸ್ವಾಮಿ," ಅನ್ನುವ ಮಾತು ನನ್ನ ನಾಲಗೆ ತುದಿವರೆಗೂ ಬಂದಿತ್ತು. ಮೇಡಂ ಮಾತ್ರ ತಾಳ್ಮೆಯಿಂದ ಎಲ್ಲ ಬರೆದುಕೊಂಡರು. ಆಮೇಲೆ ಟೇಪು ತೆಗೆದರು.

ಆ ಟೇಪಿನ ಕಥೆ ಹೇಳಲೇಬೇಕು. ಬೇರೆಯವರು ಮನೆ ಅಳೆಯುತ್ತಾರೆ. ಈಕೆ ಮೊದಲು ಮನೆಯವರನ್ನು ಅಳೆಯುತ್ತಿದ್ದರು. "ಕೂತ್ಕೊಳ್ಳಿ. ಏಳಿ. ಕೈ ಮೇಲೆತ್ತಿ. ಈಗ ಹೀಗೆ ನೆಲದ ಮೇಲೆ ಮಲಗಿ, ಮಗ್ಗುಲು ತಿರುಗಿ." ದೊಡ್ಡ ದೊಡ್ಡ ಅಧಿಕಾರಿಗಳೂ ಖಾಲಿ ಫ್ಲ್ಯಾಟಿನ ಧೂಳಿನಲ್ಲಿ ಮಲಗಿ ಎದ್ದಿದ್ದಾರೆ. ಮಂಡಿ ಎಷ್ಟೆತ್ತರ, ಮೊಣಕೈ ಎಷ್ಟೆತ್ತರ, ಮಲಗಿದಾಗ ಕಾಲು ಮಡಚುತ್ತಾರೋ ಚಾಚುತ್ತಾರೋ, ಎಲ್ಲ ಒಂದು ಉದ್ದನೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನನ್ನ ಅಳತೆಯೂ ಅದರಲ್ಲಿದೆ. ಯಾಕೆ ಅಂತ ಕೇಳಿದರೆ, "ಇರ್ಲಿ ಮೇಸ್ತ್ರಿ, ಎಂದಾದ್ರೂ ಬೇಕಾಗತ್ತೆ" ಅಂದಿದ್ದರು. ನಾನು ಶವಪೆಟ್ಟಿಗೆಗೇನೋ ಅಂದುಕೊಂಡೆ.

ಇನ್ನೊಂದು ನೇಮವಿತ್ತು. ಹಗಲು ಹೊತ್ತಲ್ಲಿ ರಾತ್ರಿ ಕಾಣಬಾರದು ಅನ್ನುವುದು. ಅಂದರೆ, ಬೆಳಗಾಗುತ್ತಲೇ ಮಂಚ, ಹಾಸಿಗೆ, ದಿಂಬು, ಹೊದಿಕೆ ಎಲ್ಲ ಮಾಯವಾಗಿ ಕೋಣೆ ಕೋಣೆಯ ಹಾಗೆ ಕಾಣಬೇಕು. ಅದಕ್ಕೆಂದೇ ಗೋಡೆಯೊಳಗೆ ಮಡಚಿಕೊಳ್ಳುವ ಮಂಚ ಮಾಡಿಸುತ್ತಿದ್ದರು. ಬೆಳಗ್ಗೆ ಎತ್ತಿ ತಳ್ಳಿದರೆ ಮಂಚ ಕಪಾಟಿನೊಳಗೆ ಹೋಗಿ ನಿಲ್ಲುತ್ತದೆ. ಅದರ ಹೊಟ್ಟೆಗೆ ಅಂಟಿಸಿದ ಹಲಗೆ ಕೆಳಗಿಳಿದು ಮೇಜಾಗುತ್ತದೆ. ನೋಡಿದವರು ಬಾಯಿ ಬಿಡುತ್ತಿದ್ದರು. ಇಂಥ ಮೂವತ್ತೋ ಮೂವತ್ತೈದೋ ಮಂಚ ಮಾಡಿದ್ದೇನೆ. ಒಬ್ಬಾಕೆ ತನ್ನ ಅತ್ತೆಗೆಂದೇ ಮಾಡಿಸಿದಳು. "ವರ್ಷಕ್ಕೆ ಎರಡು ವಾರ ಬರ್ತಾರೆ, ಉಳಿದಷ್ಟೂ ದಿನ ಅವರ ಮಂಚ ಯಾಕೆ ನೋಡ್ಕೊಂಡಿರ್ಬೇಕು?" ಅಂದಳು. ನಾವೆಲ್ಲ ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆ ನೇಮ ಎಲ್ಲಿಂದ ಬಂತು ಅಂತ ಗಿರಾಕಿಗಳಿಗೆಲ್ಲ ಮೇಡಂ ಹೇಳುತ್ತಿದ್ದರು; ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಆಕೆ ಹುಟ್ಟಿ ಬೆಳೆದದ್ದು ಒಂದೇ ಕೋಣೆಯಲ್ಲಿ. ಅಪ್ಪ, ಇಬ್ಬರು ಅಣ್ಣಂದಿರು, ಈಕೆಗಿಂತ ಹದಿನಾಲ್ಕು ವರ್ಷ ದೊಡ್ಡ ಅಕ್ಕ, ಈಕೆ. ತಾಯಿ ಬೇಗ ಹೋದರು. ಅಕ್ಕ ಹೊಲಿಗೆ ಮಿಷನ್ ತುಳಿದು ಎಲ್ಲರನ್ನೂ ಸಾಕಿದಳು. ಅದೇ ಕೋಣೆ ರಾತ್ರಿ ಮನೆ, ಹಗಲು ಹೊಲಿಗೆ ಅಂಗಡಿ. ಮೊದಲ ಗಿರಾಕಿ ಬಾಗಿಲು ತಟ್ಟುವ ಮುಂಚೆ ಅಕ್ಕ ಐದೂ ಹಾಸಿಗೆ ಸುತ್ತಿ, ಹಗ್ಗ ಬಿಗಿದು, ಟ್ರಂಕಿನ ಮೇಲೆ ಪೇರಿಸಿ, ಮೇಲೊಂದು ಹೂವಿನ ಬಟ್ಟೆ ಹೊದಿಸಿಬಿಡುತ್ತಿದ್ದಳಂತೆ. "ಅಲ್ಲಿ ಐದು ಜನ ಮಲಗಿದ್ರು ಅಂತ ಒಬ್ಬರಿಗೂ ಗೊತ್ತಾಗ್ತಿರ್ಲಿಲ್ಲ. ಈ ವಿದ್ಯೆಯಲ್ಲಿ ನನ್ನ ಗುರು ನಮ್ಮಕ್ಕ," ಅನ್ನುವಾಗ ಮೇಡಂ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಆ ಅಕ್ಕ ಮದುವೆಯಾಗಲಿಲ್ಲ. ಆಗಬೇಕಾದ ವಯಸ್ಸೆಲ್ಲ ಮಿಷನ್ ಮುಂದೆಯೇ ಕಳೆಯಿತು. ಅಣ್ಣಂದಿರು ಅವರವರ ದಾರಿ ಹಿಡಿದರು. ಮೇಡಂ ಓದಿದರು, ಮದುವೆಯಾದರು, ಆ ಮನುಷ್ಯನ ಜೊತೆ ಏಗಲಾರದೆ ಬೇರೆಯಾದರು, ನಮ್ಮಂಥವರ ಜೊತೆ ಏಗುವುದರಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡರು. ಅಕ್ಕ ಮಾತ್ರ ಅದೇ ಬಾಡಿಗೆ ಕೋಣೆಯಲ್ಲಿ ಉಳಿದಳು, ಬೆಳಗ್ಗೆದ್ದು ಒಂದೇ ಒಂದು ಹಾಸಿಗೆ ಸುತ್ತಿಡುತ್ತ, ಅರವತ್ತೊಂಬತ್ತರವರೆಗೆ.

ಕಳೆದ ವರ್ಷ ಆ ಕಟ್ಟಡ ಕೆಡವುತ್ತೇವೆ ಅಂತ ಮಾಲೀಕರು ಹೇಳಿದರು. ಅದೇ ಹೊತ್ತಿಗೆ ಮೇಡಂ ಜೀವಮಾನವೆಲ್ಲ ದುಡಿದು ತಮ್ಮದೂ ಅಂತ ಒಂದು ಫ್ಲ್ಯಾಟು ಕೊಂಡಿದ್ದರು. ಏಳನೇ ಮಹಡಿ. ಹನ್ನೊಂದು ಅಡಿ ಅಗಲ, ಹದಿನಾರು ಅಡಿ ಉದ್ದದ ಒಂದೇ ಕೋಣೆ. ಗೋಡೆಗೆ ಅಂಟಿದ ಅಡುಗೆ ಕಟ್ಟೆ, ಬಚ್ಚಲು, ಒಬ್ಬರು ನಿಲ್ಲುವಷ್ಟು ಬಾಲ್ಕನಿ. "ಅಕ್ಕ, ನನ್ನ ಜೊತೆ ಬಂದಿರು," ಅಂತ ಮೇಡಂ ತಿಂಗಳುಗಟ್ಟಲೆ ದುಂಬಾಲು ಬಿದ್ದರು. ಅಕ್ಕ ಒಪ್ಪಲಿಲ್ಲ. ವಯಸ್ಸಾದ ಹೆಂಗಸರಿಗೆಂದು ಒಂದು ವಸತಿಮನೆ ಇತ್ತು, ಅಲ್ಲಿ ಆಗಲೇ ಹೆಸರು ಬರೆಸಿ ಬಂದಿದ್ದಳು. ಕೊನೆಗೆ ತಂಗಿ ಅತ್ತ ಮೇಲೆ ಒಂದು ಮಾತಿಗೆ ಬಂದಳು. "ಒಂದು ತಿಂಗಳು ಇದ್ದು ನೋಡ್ತೀನಿ. ಅಲ್ಲಿ ತಿಂಗಳ ಕೊನೆವರೆಗೂ ಜಾಗ ಹಿಡಿದಿಟ್ಟಿರ್ತಾರಂತೆ. ನಿನಗೆ ಅಡ್ಡ ಅನ್ನಿಸಿದ್ರೆ ಹೊರಟೆ, ತಡೀಬಾರ್ದು."

ಮೇಡಂ ನನ್ನ ಹತ್ತಿರ ಬಂದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆವರೆಗೆ ನನಗೆ ಕೆಲಸ ಹೇಳಿದ್ದರೇ ಹೊರತು ಕೇಳಿಕೊಂಡಿರಲಿಲ್ಲ. "ಮೇಸ್ತ್ರಿ, ಈ ಒಂದು ಮನೆ ಚೆನ್ನಾಗಿ ಮಾಡ್ಕೊಡಿ. ಅಕ್ಕ ಉಳೀಬೇಕು. ಅವಳು ಆ ಮನೆಗೆ ಹೋದ್ರೆ ನಾನು ಇಷ್ಟು ವರ್ಷ ಕಂಡೋರ ಮನೆಗಳನ್ನ ಒಪ್ಪ ಮಾಡಿದ್ದಕ್ಕೆ ಏನರ್ಥ?" ಅಂದರು.

"ಮಾಡೋಣ ಬಿಡಿ ಮೇಡಂ," ಅಂದೆ. ಅನ್ನುವುದು ಸುಲಭ. ಏಳು ಮಹಡಿ ಪ್ಲೈವುಡ್ ಹೊತ್ತವನು ನಾನು. ಲಿಫ್ಟಿನ ಬಾಗಿಲಿಗೆ 'ಕೆಲಸದವರು ಮೆಟ್ಟಿಲು ಬಳಸಿ' ಅಂತ ಬೋರ್ಡು ತಗುಲಿಹಾಕಿದ್ದರು. ಆ ಬೋರ್ಡನ್ನು ಯಾವುದೋ ಕೆಲಸದವನೇ ಮೊಳೆ ಹೊಡೆದು ಹಾಕಿರಬೇಕು, ಅವನ ಕೈ ಮುರಿಯ. ಮೂರನೇ ಮಹಡಿಯಲ್ಲಿ ಕೂತು, ಐದನೇ ಮಹಡಿಯಲ್ಲಿ ಕೂತು, ಏಳನೆಯದಕ್ಕೆ ಹೋಗುವಷ್ಟರಲ್ಲಿ ನನ್ನ ಜನ್ಮ ನನಗೇ ಬೇಡವಾಗುತ್ತಿತ್ತು.

ಅಕ್ಕನನ್ನು ಅಳತೆಗೆ ಕರೆತಂದ ದಿನ ನಾನಿದ್ದೆ. ಸಣ್ಣ ಆಳು, ಬಲಗಡೆ ಭುಜ ಸ್ವಲ್ಪ ಇಳಿದಿತ್ತು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿದ್ದವು. ಖಾಲಿ ನೆಲದ ಮೇಲೆ ಮಲಗಿಸಿ ತಂಗಿ ಟೇಪು ಹಿಡಿದಾಗ ಅಕ್ಕ ನಕ್ಕಳು. "ಜೀವನ ಪೂರ್ತಿ ಊರೋರ ಅಳತೆ ತಗೊಂಡೆ, ಈಗ ನನ್ನ ಅಳತೆ ತಗೋತಿದೀಯಲ್ಲೇ! ಏನ್ ಹೊಲಿತೀಯಾ?"

"ನಿನಗೊಂದು ಮನೆ ಹೊಲಿತೀನಿ ಅಕ್ಕ, ಸುಮ್ನೆ ಮಲ್ಕೋ."

ಹೊಲಿದರು ಕೂಡ. ಅಕ್ಕನ ಮಂಡಿಗೆ ಸರಿಯಾಗಿ ಹದಿನೇಳು ಇಂಚಿನ ಮಂಚ, ಗೋಡೆಯೊಳಗೆ ಹೋಗುವಂಥದ್ದು. ಎತ್ತುವಾಗ ಕೈ ನೋಯದಿರಲಿ ಅಂತ ಎರಡೂ ಕಡೆ ಗ್ಯಾಸ್ ತುಂಬಿದ ಕಂಬಿ. ಒಂದೇ ಕೈಯಲ್ಲಿ ತಳ್ಳಬಹುದು. ಅವಳ ಬೆರಳಿಗೆ ಸಿಗುವಷ್ಟು ಎತ್ತರಕ್ಕೆ ಹಿಡಿ. ಹೊಲಿಗೆ ಮಿಷನ್‌ಗೆ ಚಕ್ರದ ಹಲಗೆ, ತಳ್ಳಿದರೆ ಅದೂ ಕಪಾಟಿನೊಳಗೆ ಮಾಯ. ಮಂಚ ಮೇಲೆ ಹೋದಾಗ ಅದರ ಹೊಟ್ಟೆಯಿಂದ ಇಳಿಯುವ ಮೇಜು ತಂಗಿಯ ನಕ್ಷೆ ಬರೆಯುವ ಕೆಲಸಕ್ಕೆ. ತಂಗಿ ಮಲಗುವುದು ಎಳೆದು ಅಗಲ ಮಾಡುವ ಸೋಫಾದ ಮೇಲೆ. ನನ್ನ ಕೆಲಸವನ್ನು ನಾನೇ ಹೊಗಳಬಾರದು, ಆದರೂ ಹೇಳುತ್ತೇನೆ: ನನ್ನ ಕೈಯಿಂದ ಅಂಥ ಕೆಲಸ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಅಕ್ಕ ಬಂದ ಎಂಟನೇ ದಿನ ಮಂಚದಿಂದ ಕಿರ್ ಅನ್ನುವ ಸದ್ದು ಬರುತ್ತಿದೆ ಅಂತ ಫೋನು ಬಂತು. ಬೆಳಗ್ಗೆ ಹತ್ತಕ್ಕೆ ಹೋದೆ. ಮೇಡಂ ಕೆಲಸಕ್ಕೆ ಹೋಗಿದ್ದರು. ಮನೆ ಕನ್ನಡಿ ಇದ್ದ ಹಾಗಿತ್ತು. ಅಕ್ಕ ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ, ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

"ಬೆನ್ನು ನೋವೇನಮ್ಮಾ? ಹಾಗೆ ಕೂತಿದೀರಿ."

"ಸ್ವಲ್ಪ ಇದೆ ಕಣಪ್ಪ. ಹೋಗತ್ತೆ."

"ಮತ್ತೆ ಮಂಚ ಇಳಿಸಿ ಒಂದು ಗಳಿಗೆ ಕಾಲು ಚಾಚ್ಕೊಳ್ಳಿ. ಒಂದೇ ಕೈಲಿ ಬರತ್ತಲ್ಲ."

"ಮಡಚಿದ್ದಾಯ್ತಲ್ಲಪ್ಪ. ಮತ್ತೆ ಇಳಿಸಿದ್ರೆ ಅವಳ ಮೇಜಿನ ಕಾಗದ ಎಲ್ಲ ಎತ್ತಬೇಕು. ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ." ಆಮೇಲೆ ದನಿ ತಗ್ಗಿಸಿ, "ಸದ್ದಿನ ವಿಷಯ ನಾನು ಹೇಳಿರ್ಲಿಲ್ಲ, ಅವಳೇ ಗಮನಿಸಿದ್ದು. ನಿನಗೆ ಸುಮ್ನೆ ತೊಂದ್ರೆ," ಅಂದಳು.

ನಾನು ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟೆ. ಸದ್ದು ನಿಂತಿತು. ಚಹಾ ಕೊಟ್ಟಳು, ಕುಡಿದೆ. ಲೋಟ ಇಟ್ಟ ಕೂಡಲೇ ತೊಳೆದು ಒರೆಸಿ ಒಳಗಿಟ್ಟಳು. ಒಂದು ಕ್ಷಣದಲ್ಲಿ ನಾನು ಅಲ್ಲಿಗೆ ಬಂದೇ ಇಲ್ಲವೇನೋ ಅನ್ನುವ ಹಾಗಾಯಿತು. ನನಗೆ ಆಗಲೇ ಏನೋ ಕಸಿವಿಸಿ. ಆದರೆ ಬಡಗಿಗೆ ಕಾಣುವುದು ಸದ್ದು ಮಾಡುವ ಕೀಲು ಮಾತ್ರ. ಮೆಟ್ಟಿಲಿಳಿಯುವಷ್ಟರಲ್ಲಿ ಮರೆತೂಬಿಟ್ಟೆ.

ಮೂರನೇ ವಾರ ಒಬ್ಬ ಬಿಲ್ಡರ್ ಬಂದ. ಊರಾಚೆ ಹೊಸ ಕಟ್ಟಡ ಎಬ್ಬಿಸುತ್ತಿದ್ದ, ನಲವತ್ತು ಸಣ್ಣ ಫ್ಲ್ಯಾಟು. ಮೇಡಂ ಮನೆ ನೋಡಿ ಒಪ್ಪಿದರೆ ಒಳಗಿನ ಕೆಲಸ ಅಷ್ಟೂ ನಮಗೆ. ನಲವತ್ತು ಮನೆ ಅಂದರೆ ನನ್ನ ಮಂಡಿ ಇರುವವರೆಗಿನ ಕೆಲಸ, ಅದೂ ಒಂದೇ ಜಾಗದಲ್ಲಿ, ಅಲೆದಾಟವಿಲ್ಲ. ಅದಕ್ಕೇ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಮಂಚ ಎತ್ತಿ ಇಳಿಸಿ ತೋರಿಸಲು ನಾನೂ ಹೋಗಿದ್ದೆ.

ಬಿಲ್ಡರ್ ದಪ್ಪ ಮನುಷ್ಯ, ಜೊತೆಗಿಬ್ಬರು ಪಾಲುದಾರರು. ನಾವು ಐದು ಜನ ನಿಂತರೆ ಕೋಣೆ ತುಂಬಿಹೋಯಿತು. ಅಕ್ಕ ಮೆಲ್ಲಗೆ ಬಾಲ್ಕನಿಗೆ ಹೋಗಿ ಬಾಗಿಲು ಓರೆ ಮಾಡಿಕೊಂಡು ನಿಂತಳು. ನಾನು ಮಂಚ ಇಳಿಸಿದೆ, ಎತ್ತಿದೆ. ಮೇಜು ಇಳಿಯಿತು. ಮಿಷನ್ ಮಾಯವಾಯಿತು. ಮೇಡಂ ತಮ್ಮ ಹಳೇ ಕಥೆ ಹೇಳಿದರು: ಒಂದೇ ಕೋಣೆ, ಐದು ಹಾಸಿಗೆ, ಹೂವಿನ ಬಟ್ಟೆ. ಬಿಲ್ಡರ್ ಸುತ್ತ ನೋಡಿ ಚಪ್ಪಾಳೆ ತಟ್ಟಿದ.

"ಇಬ್ಬರು ಇರೋ ಮನೆ ಅಂದ್ರಲ್ಲ ಮೇಡಂ? ಇನ್ನೊಬ್ಬರು ಇದಾರೆ ಅಂತ ದೇವರಾಣೆ ಗೊತ್ತಾಗಲ್ಲ!"

ಮೇಡಂ ಮುಖ ಅರಳಿತು. ನನ್ನದೂ ಅರಳಿತು, ಹಲ್ಲೆಲ್ಲ ಬಿಟ್ಟುಕೊಂಡು ನಿಂತಿದ್ದೆ. ಶುಕ್ರವಾರ ತನ್ನ ದೊಡ್ಡ ಪಾಲುದಾರನನ್ನು ಕರೆತಂದು ಮಾತು ಮುಗಿಸುತ್ತೇನೆ ಅಂತ ಹೇಳಿ ಅವನು ಹೊರಟ. ಮೇಡಂ ಲಿಫ್ಟಿನವರೆಗೆ ಕಳಿಸಲು ಹೋದರು. ಆಗ ಬಾಲ್ಕನಿ ಬಾಗಿಲು ಒಂದು ಗೇಣು ತೆರೆಯಿತು.

"ಒಳಗೆ ಬರಬಹುದೇನಪ್ಪಾ?" ಅಕ್ಕ ನನ್ನನ್ನು ಕೇಳಿದಳು.

ನನ್ನನ್ನು! ಮಂಡಿ ಸವೆದ ಬಡಗಿಯನ್ನು, ಅವಳ ಮನೆಯಲ್ಲಿ ನಿಂತವನನ್ನು. "ಅಯ್ಯೋ, ಇದೇನಮ್ಮಾ, ನಿಮ್ಮನೆ, ಬನ್ನಿ," ಅಂದೆ. ಅವಳು ಬಂದು ಸೋಫಾದ ತುದಿಯಲ್ಲಿ ಕೂತಳು. ಅತ್ತಿರಲಿಲ್ಲ.

ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ನಲವತ್ತು ಮನೆ ನನ್ನ ಬಾಯಿಗೆ ಬೀಗ ಹಾಕಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಬುಧವಾರ ಬೆಳಗ್ಗೆ ಫೋನು. ಮೇಡಂ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಅಕ್ಕ ಹೊರಟಿದಾಳೆ. ಮಿಷನ್ ಸಾಗಿಸಬೇಕಂತೆ. ಬನ್ನಿ."

ಹೋದೆ. ಬಾಗಿಲ ಹತ್ತಿರ ಒಂದು ಚೀಲ, ಒಂದು ಟ್ರಂಕು. ಟ್ರಂಕಿನ ಮೇಲೆ ಹಗ್ಗ ಬಿಗಿದು ಸುತ್ತಿದ ಹಾಸಿಗೆ. ಏನು ಚೊಕ್ಕಟವಾಗಿ ಸುತ್ತಿದ್ದಳು! ಒಂದು ಮಡಿಕೆ ಆಚೀಚೆ ಇರಲಿಲ್ಲ. ಮೇಡಂ ನಿದ್ದೆಗೆಟ್ಟ ಕಣ್ಣಲ್ಲಿ ಅಡುಗೆ ಕಟ್ಟೆಗೆ ಒರಗಿ ನಿಂತಿದ್ದರು. ನಾನು ಮಿಷನ್‌ನ ತಲೆ ಭಾಗ ಬಿಚ್ಚಿ ಎತ್ತಿಕೊಂಡೆ. ಹಳೇ ಕಾಲದ ಎರಕದ ಕಬ್ಬಿಣ, ಹಾಳಾದ್ದು, ಕರು ಎತ್ತಿಕೊಂಡಷ್ಟು ಭಾರ. ಅದನ್ನು ಅಪ್ಪಿಕೊಂಡು ಬಾಗಿಲಲ್ಲಿ ನಿಂತಿರುವಾಗ ಮೇಡಂ ಬಾಯಿ ಬಿಟ್ಟರು.

"ಏನ್ ಕಮ್ಮಿ ಆಯ್ತು ಅಂತಾದ್ರೂ ಹೇಳಿ ಹೋಗಕ್ಕ. ಪ್ರತಿಯೊಂದೂ ನಿನ್ನ ಅಳತೆಗೇ ಮಾಡ್ಸಿದೀನಿ. ಹಿಡಿ ಎಷ್ಟೆತ್ತರ ಇರ್ಬೇಕು ಅಂತ ಮೂರು ದಿನ ಯೋಚನೆ ಮಾಡಿದೀನಿ."

"ಏನೂ ಕಮ್ಮಿ ಇಲ್ವೇ. ನೀನು ನನ್ನ ರಾಣಿ ಥರ ನೋಡ್ಕೊಂಡೆ."

"ಹಾಗಾದ್ರೆ ಯಾಕೆ? ಆ ಮನೇನ ನಾನೂ ನೋಡಿದೀನಿ. ಒಂದು ಹಾಲಿಗೆ ಎಂಟು ಜನ. ಗೋಡೆ ಸುಣ್ಣ ಉದುರತ್ತೆ. ಬಚ್ಚಲಿಗೆ ಸಾಲು ನಿಲ್ಬೇಕು. ಅಲ್ಲೇನಿದೆ ಅಕ್ಕ, ಇಲ್ಲಿಲ್ಲದ್ದು?"

ಅಕ್ಕ ಚೀಲದ ಹಿಡಿಯನ್ನು ತಿರುಚಿದಳು.

"ಒಂದು ಕಬ್ಬಿಣದ ಮಂಚ ಇದೆ ಕಣೇ. ಹಗಲಲ್ಲೂ ಇರತ್ತೆ."

ಮೇಡಂಗೆ ಅರ್ಥವಾಗಲಿಲ್ಲ. ನನಗಾಯಿತು, ಸೋಫಾದ ತುದಿಯಲ್ಲಿ ನೆಟ್ಟಗೆ ಕೂತ ಆ ಬೆನ್ನು ನೆನಪಾಯಿತು.

"ಹದಿನಾರನೇ ವಯಸ್ಸಿಂದ ಹಾಸಿಗೆ ಸುತ್ತುತಾ ಇದೀನಿ," ಅಂದಳು ಅಕ್ಕ. ದನಿ ಏರಲಿಲ್ಲ. "ಆಗ ನಿಮ್ಮನ್ನೆಲ್ಲ ಸಾಕ್ಬೇಕಿತ್ತು, ಸುತ್ತಿದೆ. ಮುಟ್ಟಿನ ನೋವಿದ್ದ ದಿನಾನೂ ಸುತ್ತಿದೆ. ಟೈಫಾಯ್ಡ್ ಜ್ವರ ಬಂದಾಗ ಸುತ್ತಿ, ಆ ಸುರುಳಿ ಮೇಲೇ ಕೂತು ಗಿರಾಕಿಗೆ ಅಳತೆ ತಗೊಂಡಿದೀನಿ. ನೀನು ಅದನ್ನ ಎಲ್ಲರಿಗೂ ಹೆಮ್ಮೆಯಿಂದ ಹೇಳ್ತೀಯ. ನನಗೆ ಅದರಲ್ಲಿ ಹೆಮ್ಮೆ ಇರ್ಲಿಲ್ಲ ಕಣೇ, ನಾಚಿಕೆ ಇತ್ತು. ನಾವು ಮಲಗೋದು ಯಾರಿಗೂ ಗೊತ್ತಾಗಬಾರ್ದು ಅನ್ನೋ ನಾಚಿಕೆ. ಒಂದಲ್ಲ ಒಂದು ದಿನ ನನಗೂ ಒಂದು ಮಂಚ ಇರತ್ತೆ, ಅದು ಇದ್ದಲ್ಲೇ ಇರತ್ತೆ, ಮಧ್ಯಾಹ್ನ ಬೆನ್ನು ನೋವು ಬಂದ್ರೆ ಹಾಗೇ ಹೋಗಿ ಬಿದ್ಕೋತೀನಿ ಅಂತ ಆಸೆ ಇತ್ತು. ನಿನ್ನ ಮಂಚ ಬಹಳ ಚೆನ್ನಾಗಿದೆ. ಬೆಳಗ್ಗೆ ಅದನ್ನ ಎತ್ತಿ ತಳ್ಳಿದ ಮೇಲೆ ನನಗೆ ಎಲ್ಲಿ ಇರ್ಬೇಕು ಅಂತ ಗೊತ್ತಾಗಲ್ಲ, ಅಷ್ಟೇ. ಅವತ್ತು ಬಂದವನೂ ಅದೇ ಹೇಳಿದ್ನಲ್ಲ."

"ಹೇಳಬಾರ್ದಿತ್ತಾ ಅಕ್ಕ?"

"ಅಷ್ಟು ಆಸೆಪಟ್ಟು ಮಾಡ್ಸಿದ್ಯಲ್ಲೇ. ಹೆಂಗೆ ಹೇಳ್ಲಿ?"

ಮೇಡಂ ನೆಲದ ಮೇಲೆ ಕುಸಿದು ಕೂತರು. ಐವತ್ತೈದರ ಹೆಂಗಸು, ಕೈಕಾಲು ಚೆಲ್ಲಿಕೊಂಡು ಮಗುವಿನ ಹಾಗೆ ಬಿಕ್ಕಿದರು. ಅಕ್ಕನ ಮಂಡಿ ಅಳೆದಿದ್ದರು, ಮೊಣಕೈ ಅಳೆದಿದ್ದರು, ಬೆರಳ ಗೇಣು ಅಳೆದಿದ್ದರು. ಬೆಳಗ್ಗೆ ಎಂಟರಿಂದ ರಾತ್ರಿವರೆಗೆ ಅಕ್ಕ ಎಲ್ಲಿರಬೇಕು ಅನ್ನುವುದು ಮಾತ್ರ ಆ ಉದ್ದನೆ ಪುಸ್ತಕದಲ್ಲಿ ಇರಲಿಲ್ಲ. ಭಾರಕ್ಕೆ ನನ್ನ ಕೈ ಸೋಲುತ್ತಿತ್ತು. ಮಿಷನ್ ಇಳಿಸಲೋ ಬೇಡವೋ ಗೊತ್ತಾಗದೆ ಗೂಟದ ಹಾಗೆ ನಿಂತಿದ್ದೆ.

"ಮಿಷನ್ ಇಳಿಸಿ ಮೇಸ್ತ್ರಿ," ಅಂದರು ಮೇಡಂ ಮೂಗು ಒರೆಸಿಕೊಳ್ಳುತ್ತ. ಎದ್ದು ಹೋಗಿ ಮೇಜಿನ ಮೇಲಿದ್ದ ನಕ್ಷೆಗಳನ್ನೆಲ್ಲ ಬಾಚಿ ಸೋಫಾದ ಮೇಲೆ ಎಸೆದರು. ಮೇಜು ಮಡಚಿ ಮಂಚ ಕೆಳಗೆಳೆದರು. "ಇದು ಇನ್ನು ಮೇಲೆ ಹೋಗಬಾರ್ದು. ಜಡಿದುಬಿಡಿ."

"ಮೇಡಂ, ಶುಕ್ರವಾರ ಅವರು ಬರ್ತಾರಲ್ಲ..."

"ಬರಬೇಡಿ ಅಂತ ಫೋನ್ ಮಾಡ್ತೀನಿ."

"ಹೀಗೇ ಬಿಟ್ಟರೆ ಬಾಲ್ಕನಿ ಬಾಗಿಲು ಅರ್ಧಕ್ಕೇ ನಿಲ್ಲತ್ತೆ. ನಿಮ್ಮ ಮೇಜು ಹೋಯ್ತು. ಓಡಾಡೋಕೆ ಹದಿನೆಂಟು ಇಂಚೂ ಉಳಿಯಲ್ಲ." ನನ್ನ ಸಂಕಟ ನನಗೆ. ನಲವತ್ತು ಮನೆ ಕಣ್ಣೆದುರೇ ಮೆಟ್ಟಿಲಿಳಿದು ಹೋಗುತ್ತಿದ್ದವು.

"ಜಡೀರಿ ಅಂದೆ."

"ಬೇಡ ಕಣೇ, ಹೊಟ್ಟೆಪಾಡಿನ ಕೆಲಸ ಹಾಳು ಮಾಡ್ಕೋಬೇಡ," ಅಂತ ಅಕ್ಕ ಅಡ್ಡ ಬಂದಳು. ತಂಗಿ ಕೇಳಿಸಿಕೊಳ್ಳಲಿಲ್ಲ. ಟ್ರಂಕಿನ ಮೇಲಿದ್ದ ಸುರುಳಿಯ ಹಗ್ಗ ಬಿಚ್ಚಲು ಕೂತರು. ಗಂಟು ಬಿಗಿಯಾಗಿತ್ತು; ಉಗುರು ಮುರಿಯಿತು, ಹಲ್ಲು ಹಾಕಿದರು. ಕೊನೆಗೆ ನನ್ನ ಉಳಿ ತೆಗೆದುಕೊಂಡು ಹಗ್ಗ ಕತ್ತರಿಸಿದರು. ಉಳಿಯ ಬಾಯಿ ಹಾಳಾದೀತು ಅಂತ ಬೇರೆಯವರಿಗಾದರೆ ಎಗರಾಡುತ್ತಿದ್ದೆ.

ಕೆಲಸಕ್ಕಿಳಿದೆ. ಗ್ಯಾಸಿನ ಕಂಬಿ ಎರಡೂ ಬಿಚ್ಚಿ ಹಾಕಿದೆ. ಹೊರಗಿನ ಅಂಚಿಗೆ ಗಟ್ಟಿ ಕಾಲು ಎರಡು, ಗೋಡೆಯ ಕಡೆ ಕಬ್ಬಿಣದ ಪಟ್ಟಿ. ನಾನು ಮೂರು ವಾರ ನಿದ್ದೆಗೆಟ್ಟು ಕೂಡಿಸಿದ ಕೀಲುಗಳನ್ನು ನನ್ನ ಕೈಯಾರೆ ಕುಂಟು ಮಾಡಿದೆ. ಒಳಗೊಳಗೇ ಬೈದುಕೊಂಡೆ. ಬಿಲ್ಡರ್‌ನನ್ನು ಬೈದೆ, ಲಿಫ್ಟಿನ ಬೋರ್ಡನ್ನು ಬೈದೆ, ಬಾಲ್ಕನಿ ಬಾಗಿಲ ಮುಂದೆ ಹಲ್ಲು ಬಿಟ್ಟುಕೊಂಡು ನಿಂತಿದ್ದ ಆ ನನ್ನ ಮುಖವನ್ನೂ ಬೈದೆ.

ಮೇಡಂ ಹಾಸಿಗೆ ಹಾಸಿದರು. "ಮಲ್ಕೋ ಅಕ್ಕ, ನೋಡು."

"ಈಗಲಾ? ಹನ್ನೊಂದು ಗಂಟೆ ಹಗಲು. ಮೇಸ್ತ್ರಿ ಇದಾರೆ."

"ಇರ್ಲಿ."

"ಮೇಲೊಂದು ಬಟ್ಟೆ ಆದ್ರೂ ಹೊದಿಸಿಡೋಣ, ಯಾರಾದ್ರೂ ಬಂದ್ರೆ?"

"ಬರ್ಲಿ. ನಮ್ಮಕ್ಕನ ಮಂಚ ಅಂತ ಹೇಳ್ತೀನಿ."

ಅಕ್ಕ ಮೊದಲು ಅಂಚಿನಲ್ಲಿ ಕೂತಳು. ಅಂಗೈಯಿಂದ ಹಾಸಿಗೆ ಒತ್ತಿ ನೋಡಿದಳು. ಆಮೇಲೆ, ತಪ್ಪು ಮಾಡುವವಳ ಹಾಗೆ ನನ್ನ ಕಡೆ ಒಂದು ಸಲ ನೋಡಿ, ಮೆಲ್ಲಗೆ ಕಾಲು ಮೇಲೆಳೆದುಕೊಂಡು ಗೋಡೆ ಕಡೆ ತಿರುಗಿದಳು. "ಅಲ್ಲಿ ಬರೆಸಿದ ಹೆಸರು ತೆಗೆಸಲ್ಲ, ತಿಳ್ಕೋ. ನಿನ್ನ ಕೈ ಅಡುಗೆ ನಂಬೋಕಾಗಲ್ಲ," ಅಂದಳು. ತಂಗಿ ನಕ್ಕರು, ನಗುವಾಗಲೇ ಮತ್ತೆ ಕಣ್ಣಲ್ಲಿ ನೀರು. ನಾನು ಬಾಕಿ ಉಳಿದಿದ್ದ ತಲೆಯ ಕಡೆಯ ಪಟ್ಟಿಗೆ ಸ್ಕ್ರೂ ಎಣಿಸಿಟ್ಟುಕೊಳ್ಳುವಷ್ಟರಲ್ಲಿ ಅಕ್ಕನ ಉಸಿರು ದೀರ್ಘವಾಯಿತು. ಬಾಯಿ ಸ್ವಲ್ಪ ತೆರೆದಿತ್ತು. ಮೂರು ವಾರದಿಂದ ನೆಟ್ಟಗಿದ್ದ ಆ ಬೆನ್ನು ಬಾಗಿತ್ತು.

ಮೇಡಂಗೆ ಕೂರಲು ಜಾಗವಿರಲಿಲ್ಲ. ಸೋಫಾದ ತುಂಬ ನಕ್ಷೆಗಳು. ಮಂಚಕ್ಕೆ ಒರಗಿ ನೆಲದ ಮೇಲೆ ಕೂತರು. ಮಂಚದ ಮೂಲೆ ಬಾಗಿಲ ಚೌಕಟ್ಟನ್ನು ಮರೆಮಾಡಿತ್ತು, ಹಾಸಿಗೆಯ ಬಟ್ಟೆ ಒಂದು ಕಡೆ ಜೋಲುಬಿದ್ದಿತ್ತು. ಅಭ್ಯಾಸಬಲ, ಅದನ್ನು ಸರಿಮಾಡಲು ಕೈ ಹೋಯಿತು. ಅರ್ಧಕ್ಕೇ ವಾಪಸ್ ತೆಗೆದುಕೊಂಡರು.

ನಾನು ಡ್ರಿಲ್ ಎತ್ತಿಕೊಂಡೆ. ಅವರು ತುಟಿಗೆ ಬೆರಳಿಟ್ಟು ಬೇಡ ಅಂತ ತಲೆಯಾಡಿಸಿದರು.

ಇನ್ನೂ ಆರು ಸ್ಕ್ರೂ ಬಾಕಿ ಇದ್ದವು, ಮೂರು ಇಂಚಿನವು. ಮಂಡಿಯೂರಿ ಕೂತು, ಸದ್ದಾಗದ ಹಾಗೆ, ಆರನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿದೆ.